ಅಜ್ಜಿಗಂಟು

ಗುರುವಾರ ಸಂಜೆ ಆರೂವರೆಗೆ
ಪೀಟರ್‌ಹೆಡ್ ಬಂದರಿನ ಹಿಂದೆ, ಚರ್ಚಿನ ಹಾಲಿನಲ್ಲಿ
ನಾವು ಹದಿನೆಂಟು ಬ್ರೌನಿಗಳು.
ಬ್ರೌನಿ ಎಂದರೆ ತಿನ್ನುವುದಲ್ಲ.
ನಮ್ಮ ಕಡೆ ಅದು ಮನೆಯೊಳಗಿನ ಕಿರುದೆವ್ವ:
ಎಲ್ಲರೂ ಮಲಗಿದ ಮೇಲೆ ಒಲೆಯ ಬೂದಿ ತೆಗೆದು
ಪಾತ್ರೆ ಬೆಳಗಿ, ಕೋಳಿ ಕೂಗುವ ಮೊದಲೇ ಮಾಯ.
ಮೆಚ್ಚಿ ಒಂದು ಅಂಗಿ ಹೊಲಿಸಿಕೊಟ್ಟಿರೋ
ಮುನಿದು ಮನೆ ಬಿಟ್ಟೇ ಹೋಗುತ್ತದೆ.
ನಮಗೆ ಮೊದಲ ವಾರವೇ ಅಂಗಿ ಕೊಟ್ಟರು,
ಕಂದು ಅಂಗಿ, ಹಳದಿ ಟೈ.
ಯಾರೂ ಹೋಗಲಿಲ್ಲ.

ಆರು ಜನಕ್ಕೊಂದು ಸಿಕ್ಸ್, ಅದಕ್ಕೊಬ್ಬಳು ಸಿಕ್ಸರ್,
ಬ್ಯಾಟಿಲ್ಲ, ಚೆಂಡಿಲ್ಲ, ತೋಳಿನ ಮೇಲೆ ಎರಡು ಪಟ್ಟಿ ಅಷ್ಟೆ.
ನಮ್ಮ ಸಿಕ್ಸರ್ ಮೊರಾಗ್‌ಗೆ ಎಲ್ಲ ಗೊತ್ತಿತ್ತು,
ಗೊತ್ತಿದೆ ಎನ್ನುವುದೂ ಗೊತ್ತಿತ್ತು.
ಮಿಸ್ ಡಲ್ಗಾರ್ನೊ ನಮ್ಮ ಬ್ರೌನ್ ಔಲ್.
ಗೂಬೆ ಎಂದು ಕೂಗಿದರೆ ತಿರುಗಿ ನಗುವ ಹೆಂಗಸು
ನಾನು ಕಂಡಂತೆ ಅವರೊಬ್ಬರೇ.

ಆವತ್ತು ಕೈಗೆರಡು ಹಗ್ಗ ಕೊಟ್ಟರು, ಒಂದು ಕೆಂಪು, ಒಂದು ಬಿಳಿ.
"ಎಡದ್ದು ಬಲದ ಮೇಲೆ, ಬಲದ್ದು ಎಡದ ಮೇಲೆ.
ಇದು ರೀಫ್ ನಾಟ್. ಎಳೆದಷ್ಟೂ ಬಿಗಿ,
ಬೇಕೆಂದಾಗ ಸಲೀಸು."
ನಾನು ಎಡದ್ದು ಬಲದ ಮೇಲೆ,
ಮತ್ತೆ ಎಡದ್ದೇ ಬಲದ ಮೇಲೆ.
ಗಂಟು ಸೊಟ್ಟಗೆ ಕೂತು ನನ್ನನ್ನೇ ನೋಡಿತು.
"ಅಯ್ಯೋ ರೋನಾ, ಇದು ಗ್ರ್ಯಾನಿ!"
ಮೊರಾಗ್ ನಕ್ಕಳು. ಹಾಲ್ ನಕ್ಕಿತು.
ತಪ್ಪು ಗಂಟಿಗೆ ಅಜ್ಜಿಯ ಹೆಸರಿಟ್ಟವರು ಯಾರೋ,
ತಾತನ ಹೆಸರಿನ ಗಂಟು ಆ ಪುಸ್ತಕದಲ್ಲಿ ಒಂದೂ ಇರಲಿಲ್ಲ.

ಹುಬ್ಬು ಗಂಟಿಕ್ಕಿಕೊಂಡೇ ಮನೆಗೆ ಬಂದೆ.
ಬೆಥಿಯಾ ಅಜ್ಜಿ ಒಲೆಯ ಪಕ್ಕ ಕಾಲುಚೀಲ ಹೆಣೆಯುತ್ತಿದ್ದಳು.
"ಏನು ಕಲಿಸಿದರೇ?"
ಕಿರುಬೆರಳನ್ನು ಹೆಬ್ಬೆರಳಿನಡಿ ಮಡಿಸಿ
ಮೂರು ಬೆರಳೆತ್ತಿ ಸೆಲ್ಯೂಟ್ ತೋರಿಸಿದೆ.
ಅವಳೂ ಎತ್ತಿದಳು. ಎರಡೇ ಎದ್ದವು.
ತೋರುಬೆರಳು ಗಾಳದ ಕೊಕ್ಕೆಯಂತೆ
ಬಾಗಿದ್ದು ಬಾಗಿಯೇ ಇತ್ತು.

"ನಮ್ಮ ಮಂತ್ರ ಲೆಂಡ್ ಎ ಹ್ಯಾಂಡ್," ಅಂದೆ.
"ಓ, ಕೈಸಾಲ!" ಅಂದಳು.
"ನಾನೂ ಕೊಟ್ಟಿದ್ದೆ, ಹದಿನೈದಕ್ಕೆ.
ಹೆರಿಂಗ್ ಮೀನಿನ ಸಾಹುಕಾರ
ಮುಂಗಡವೆಂದು ಒಂದು ಪೌಂಡ್ ಕೈಗಿಟ್ಟು
ಕೈಯನ್ನೇ ಒಯ್ದ.
ಲರ್ವಿಕ್‌ನಿಂದ ಯಾರ್ಮತ್‌ವರೆಗೆ ಮೀನು ಹೋದಲ್ಲೆಲ್ಲ ನಾವು.
ಇಬ್ಬರು ಸೀಳಲು, ಒಬ್ಬಳು ಪೀಪಾಯಿಗೆ ತುಂಬಲು,
ನಿಮ್ಮ ಸಿಕ್ಸಿನ ಅರ್ಧ.
ನಿಮಿಷಕ್ಕೆ ನಲವತ್ತು ಮೀನು, ಎಣಿಸಿದ್ದು ನಾನಲ್ಲ, ಅವನು.
ಉಪ್ಪು ಗಾಯಕ್ಕಿಳಿಯದಂತೆ ಹತ್ತೂ ಬೆರಳಿಗೆ
ಹಿಟ್ಟಿನ ಚೀಲ ಹರಿದು ಪಟ್ಟಿ ಕಟ್ಟಿಕೊಳ್ಳುವುದು,
ನಸುಕಿನ ಐದಕ್ಕೆ, ಕತ್ತಲಲ್ಲಿ."
"ಕಟ್ಟುತ್ತಿದ್ದವರು ಯಾರಜ್ಜಿ?"
"ಒಂದು ಕೈ, ನಾಲ್ಕು ಹಲ್ಲು. ಇನ್ಯಾರು?"

ಹಳೆಯ ಏಪ್ರನ್ನಿನ ಅಂಚು ಹರಿದು
ನನ್ನ ಬೆರಳಿಗೆ ಸುತ್ತಿದಳು.
ಒಂದು ತುದಿ ಬಾಯಲ್ಲಿ, ಇನ್ನೊಂದು ಕೈಯಲ್ಲಿ;
ಅವಳ ಉಸಿರು ಬೆಚ್ಚಗೆ ನನ್ನ ಉಗುರಿಗೆ ತಾಗಿತು.
ಎಡದ್ದು ಬಲದ ಮೇಲೆ.
ಮತ್ತೆ ಎಡದ್ದೇ ಬಲದ ಮೇಲೆ.
ಸೊಟ್ಟಗೆ ಕೂತಿತು.
ಗುರುತು ಹಿಡಿದೆ. ಹೇಳಲಿಲ್ಲ.

ಮುಂದಿನ ಗುರುವಾರ ರೀಫ್ ನಾಟ್ ಸರಿಯಾಗಿ ಹಾಕಿದೆ,
ಮೊರಾಗ್‌ಗಿಂತ ಬೇಗ.
ಬ್ಯಾಡ್ಜ್ ಬಂತು. ತೋಳಿಗೆ ಹೊಲಿದವಳು ಅಜ್ಜಿ,
ಆ ಬೆರಳನ್ನು ಪಕ್ಕಕ್ಕೆ ಚಾಚಿಟ್ಟುಕೊಂಡು.

ಎರಡು ವರ್ಷಕ್ಕೆ ಅಂಗಿ ಗಿಡ್ಡವಾಗಿ ತಂಗಿ ಐಲ್ಸಾಗೆ ಹೋಯಿತು.
ಅವಳು ಗಳಿಸದ ಬ್ಯಾಡ್ಜ್ ಅವಳ ತೋಳಲ್ಲಿ ಇರಕೂಡದಲ್ಲ,
ಮಿಸ್ ಡಲ್ಗಾರ್ನೊ ತೋಳು ಒಳಮಗ್ಗುಲು ಮಾಡಿ
ದಾರದ ಗಂಟು ಬಿಚ್ಚಲು ಕೂತರು.
ಉಗುರು ಸೋತಿತು, ಪಿನ್ನು ಬಾಗಿತು.
ಅಜ್ಜಿ ಹೋಗಿ ಆಗ ಮೂರು ತಿಂಗಳು.
ಕೊನೆಗೆ ಕತ್ತರಿ ಹುಡುಕುತ್ತಾ ಕೇಳಿದರು:
"ಇದನ್ನು ಯಾರಮ್ಮ ಹೊಲಿದಿದ್ದು?"