ಕೊಸರು

ಡಿಸೆಂಬರಿನ ಕೊನೀ ವಾರ. ಕಲಬುರಗಿ ಗಂಜಿನ ಅಡತಿ ಅಂಗಡಿ ಮ್ಯಾಲ
ನನ್ನದೊಂದು ಖೋಲಿ, ಎರಡು ಕುರ್ಚಿ, ಒಂದು ಕಂಪ್ಯೂಟರ್.
ಕೆಳಗ ಹೊಸ ತೊಗರಿ ಸುರುವುತಾರ; ಧೂಳು
ಮೆಟ್ಟಿಲು ಹತ್ತಿ ಬಂದು ಕೀಬೋರ್ಡಿನ ಮ್ಯಾಲ ಕೂಡತದ.

ಟೆಂಗಳಿ ಶಶಿಕಲಾಬಾಯಿ ನೋಟೀಸು ತಂದಾರ
ನಾಕು ಮಡಿಕಿ ಮಾಡಿ, ಎಕ್ಸ್‌ರೇ ಲಕೋಟಿಯೊಳಗ.
ಸೇಡಂ ರಸ್ತಾದ ದವಾಖಾನಿಯಾಗ
ಇಪ್ಪತ್ತೆರಡು ವರ್ಷ ಬಿಲ್ಲಿನ ಕಿಟಕಿ ಹಿಂದ ಕೂತವರು.

ಆರೋಗ್ಯ ವಿಮಾಕ್ಕ ಕಟ್ಟಿದ್ದು
ನಲವತ್ತೊಂದು ಸಾವಿರದ ಮುನ್ನೂರು.
ಕಾನೂನು ಒಪ್ಪೋದು ಇಪ್ಪತ್ತೈದು.
ಉಳಿದದ್ದನ್ನ, ಜುಲೈದಾಗ, ಯಾವನೋ ಸೈಬರ್ ಹುಡುಗ
‘ತಂದೆ ತಾಯಿ’ ಅನ್ನೋ ಮನಿಯೊಳಗ ತುಂಬ್ಯಾನ.

‘ನಮ್ಮವ್ವ ಹೋಗಿ ಒಂಬತ್ತು ವರ್ಷಾತ್ರಿ,
ಇದ್ದಾಗ ಆಕಿಗಿ ಒಂದು ರೂಪಾಯಿ ವಿಮಾ ಇರಲಿಲ್ಲ.’
ನಗಬೇಕೋ ಬ್ಯಾಡೋ ತಿಳೀದೆ
ಇಬ್ಬರೂ ಪರದೆ ನೋಡಿದಿವಿ. ಅಲ್ಲಿ ಆಕಿ
ಹದಿನಾರು ಸಾವಿರದ ಮುನ್ನೂರು ರೂಪಾಯಿಯಷ್ಟು
ಜೀವಂತ.

ಎರಡು ಪಾಲಿಸಿ ಯಾಕ್ರಿ? ಕೇಳಬಾರದಿತ್ತು.
‘ಮೊದಲ ಡಿಪಾಸಿಟ್, ಆಮ್ಯಾಲ ಬೆಡ್ಡು,
ನಾನೇ ಅಂದೀನ್ರಿ, ಇದೇ ಬಾಯಿಲೆ.
ಒಂದು ರಾತ್ರಿ ಒಬ್ಬಾಕಿ ಮೂಗುತಿ ಬಿಚ್ಚಿ
ಕಿಟಕಿ ತೂತಿನಾಗಿಂದ ಒಳಗ ಸರಿಸಿದಳು.
ನಾ ಹೊರಗ ಸರಿಸಿದೆ. ಸಾಮಾನು ತಗೊಳ್ಳಂಗಿಲ್ಲ.’
ಆಮ್ಯಾಲ, ಬಿಲ್ಲು ಕೇಳಿದಂಗ ಕೇಳಿದರು:
‘ಅಂಜಿಕಿಗಿ ಎಷ್ಟರ ತನಕ ಬಿಡತಾರ್ರಿ?’
‘ಇಪ್ಪತ್ತೈದು ಸಾವಿರದ ತನಕ.’

ಅವ್ವನ್ನ ಅಳಿಸಿದೆ. ಆ ಮನಿ ಸೊನ್ನಿ ಆತು.
ತಿದ್ದಿದ ರಿಟರ್ನು, ಬಾಕಿ ತೆರಿಗಿ:
ಮೂರು ಸಾವಿರದ ಮುನ್ನೂರ ತೊಂಬತ್ತು ರೂಪಾಯಿ, ನಲವತ್ತು ಪೈಸಾ.
‘ಪೈಸಾ ಕೊಡೋದು ಬ್ಯಾಡ್ರಿ, ಸರಕಾರ ಬಿಟ್ಟದ.’
‘ಅದರ ಕೊಸರು ಇಷ್ಟೇ ಏನು!’
ನೋಟು ಎಣಿಸೋ ಮೊದಲ ಅವರ ಹೆಬ್ಬೆರಳು
ನನ್ನ ಮೇಜಿನ ಮ್ಯಾಲ ಹಸಿ ಸ್ಪಂಜು ಹುಡುಕಿತು,
ಸಿಗಲಿಲ್ಲ.

ಸಂಜಿ ಮುಂದ ಕಿಟಕಿ ಹಾಕಲಿಕ್ಕೆ ಎದ್ದಾಗ ಕಂಡೆ:
ಕೆಳಗ ಬಂಡಿಯಾಂವ ಕುದಿಸಿದ ತೊಗರಿಕಾಯಿ
ಸೇರಿಲೆ ಅಳದ, ಗೀಟು ಹೊಡದಂಗ ಕೈಲೆ ಸವರಿದ,
ಆಮ್ಯಾಲ ಒಂದು ಮುಷ್ಟಿ, ಹಂಗೇ.
ಆಕಿ ಕೇಳಿರಲಿಲ್ಲ.
ಎಕ್ಸ್‌ರೇ ಲಕೋಟಿ ಬಾಯಿ ಅಗಲ ಮಾಡಿ
ಹಿಡದು ನಿಂತಿದ್ದರು.