ಆರರಲ್ಲಿ ಮೂರನೆಯದು

ಗೋಡೆಗೆ ಸೀರೆ ಉಡಿಸುವ ವಕೀಲ ಎಂದು
ವಿದ್ಯಾನಗರದ ನಮ್ಮ ಓಣಿಯಲ್ಲಿ ನನ್ನ ಹೆಸರು.
ಇಪ್ಪತ್ತು ವರ್ಷ, ನಾಲ್ಕೇ ನಾಲ್ಕು ನೇಯ್ಗೆ.
ಹರಾಜಿನ ಪುಸ್ತಕ ಅಂಚೆಯಲ್ಲಿ ಬಂದ ದಿನ
ನೀಲಾಂಬಿಕಾ ತಿಜೋರಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ.

ದೊಡ್ಡದು ಫ್ರಾನ್ಸಿನ ಹುಂಜ, ಯುದ್ಧ ಮುಗಿದ ಮೇಲಿನದು:
ಕರಿ ನೆಲ, ಉರಿಯುವ ರೆಕ್ಕೆ, ಎಲೆಗಳೇ ಪುಕ್ಕ,
ಕೊಕ್ಕಿನ ಬಳಿ ಕೊಯ್ದ ನಿಂಬೆಯಂಥ ಸೂರ್ಯ.
ನಮ್ಮ ಪಡಸಾಲೆ ಅದಕ್ಕೆ ಎರಡು ಗೇಣು ಸಾಲದು;
ಬಾಲ ಮೂಲೆ ತಿರುಗಿ
ದೇವರ ಕೋಣೆಯ ಬಾಗಿಲವರೆಗೆ ಹೋಗಿದೆ.

ನನಗೆ ಎಲ್ಲ ಗೊತ್ತಿತ್ತು. ಚಿತ್ರ ಬರೆದವನ ಸಹಿ,
ಹಿಂಬದಿಗೆ ಹೊಲಿದ ಪಟ್ಟಿಯ ಮೇಲಿನ ಅಳತೆ,
ಆರರಲ್ಲಿ ಇದು ಮೂರನೆಯದು,
ಉಳಿದೈದರಲ್ಲಿ ಎರಡು ಯಾವ ಬ್ಯಾಂಕಿನ ಗೋಡೆಯಲ್ಲಿವೆ ಎಂಬುದೂ.
ನುಸಿ ಹೊಕ್ಕಿದ್ದು ಮಾತ್ರ ಗೊತ್ತಾಗಲಿಲ್ಲ.
ಸೂರ್ಯನೊಳಗೆ ರೂಪಾಯಿ ಅಗಲದ ತೂತು.

ಸುರುಳಿ ಸುತ್ತಿ, ಹಳೆ ಧೋತರದಲ್ಲಿ ಕಟ್ಟಿ
ಗದಗ ಬಸ್ಸಿನ ಹಿಂದಿನ ಸೀಟು.
ಜಮಖಾನೆ ಅಂದುಕೊಂಡ ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ.

ಬೆಟಗೇರಿ. ಕುಣಿಮಗ್ಗದಿಂದ ಏಳದೆ ಶಾವಂತ್ರೆವ್ವ
"ಹಾಸ್ರಿ" ಅಂದಳು. ಹಾಸಿದೆ.
ಹುಂಜದ ಕಡೆ ಕಣ್ಣು ಹಾಯಿಸಲೇ ಇಲ್ಲ.
ಅಂಚು ಹಿಡಿದು ಹೊರಳಿಸಿದಳು,
ಜ್ವರದ ಕೂಸಿನ ಬೆನ್ನು ನೋಡುವಂತೆ.
ಗಂಟು, ಬಾಲಂಗೋಚಿ, ಕತ್ತರಿಸದೆ ಬಿಟ್ಟ ಉಣ್ಣೆ,
ಬಿಸಿಲೇ ಕಾಣದ, ಮಾಸದ ಬಣ್ಣ.
ಹಾಸು ಎಣಿಸುತ್ತ ಹೋದ ಬೆರಳು
ಒಂದು ಎಲೆಯ ನಡುವೆ ನಿಂತಿತು.

"ಇಲ್ಲಿ ಕೈ ಬದ್ಲಾಗೇತ್ರೀ.
ಎಡಕ್ಕ ಕುಂತಾಕಿ ಬಿಗಿ ಬಡದಾಳ, ಸಿಟ್ಟಿನಾಕಿ.
ಬಲಕ್ಕಿದ್ದಾಕಿ ಹೊಸಾಕಿ, ಹೊಕ್ಕು ಜಗ್ಗಾಕ ಅಂಜ್ಯಾಳ.
ಸೂರ್ಯಾ ಇಬ್ರೂ ಕೂಡಿ ನೇದಾರ.
ಹೆಸರೇನ್ರೀ ಅವರ್ದು?"

ಪಟ್ಟಿ ಓದಿದೆ.
ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ.
ಪಕ್ಕದ ಮನೆಯ ಮಗ್ಗ ಖಟಖಟ ಅನ್ನುತ್ತಲೇ ಇತ್ತು.

ವಾರ ಬಿಟ್ಟು ಹೋದೆ. ಅದೇ ಹಳದಿ ಸಿಕ್ಕಿರಲಿಲ್ಲ;
ಅವಳ ಅರಿಷಿಣ ಆ ಸೂರ್ಯನಲ್ಲಿ ತುಸು ಗದ್ದಲ ಮಾಡುತ್ತದೆ.
ಚೀಟಿ ಬರೆದಳು: ತೂತು ಒಂದು. ಉಣ್ಣಿ ನಂದು. ಮುನ್ನೂರಾ ಐವತ್ತು.
ಕೆಳಗೆ ಸಹಿ ಹಾಕು ಅಂದೆ.
"ಸಹಿ ಯಾಕ್ರೀ, ಮತ್ತ ತೂತ ಬಿದ್ರ ತರ್ರಿ."

ಈಗ ಹುಂಜ ಗೋಡೆ ನೋಡುತ್ತದೆ.
ಮನೆಗೆ ಬಂದವರು ತಿರುವುಮುರುವಾಗಿದೆ ಅನ್ನುತ್ತಾರೆ,
ನೀಲಾಂಬಿಕಾ ಚಹಾ ಕೊಡುತ್ತ "ಹೌದ್ರೀ" ಅನ್ನುತ್ತಾಳೆ.
ಪಟ್ಟಿಯ ಪಕ್ಕ ಚೀಟಿಯನ್ನು ಗುಂಡುಪಿನ್ನಿನಿಂದ ಚುಚ್ಚಿದ್ದೇನೆ.
ರಾತ್ರಿ ಫ್ಯಾನ್ ಹಾಕಿದರೆ
ಅಂಜಿದವಳ ಕಡೆಯ ಎಲೆ ಮಾತ್ರ
ಸಣ್ಣಗೆ ಅಲುಗುತ್ತದೆ.