ಹಲಗಿ ಕೆಳಗ, ದಿವಾಡಿ

ಮೈ ಸಣ್ಣದಂತ ನನ್ನ ಇಳಸ್ಯಾರ
ಹಲಗಿ ನೆಲದ ಕೆಳಗ, ಎರಡು ಮೊಳದ ಕತ್ತಲಕ್ಕ.
ಹಲ್ಲಾಗ ಬ್ಯಾಟರಿ, ಬೆನ್ನಿಗೆ ಪ್ಲಾಸ್ಟಿಕ್ ಸುರುಳಿ.

“ಗಾಳಿ ಆಡಲಂತ ನಮ್ಮಜ್ಜ ಬಿಡಿಸಿದ್ದ ತೂತು ಇವು”
ಮ್ಯಾಲಿಂದ ಅರ್ಮಿಂಡಾ ಬಾಯಿ.
ಮಳಿಗಾಲದಾಗ ಆ ಗಾಳೀನ ಕಳ್ಳ, ಬಾಯಿ,
ಫೆರಿಗೆ ಕಾಯದ ಹೊಳಿ ದಾಟಿ
ನೀರು ಹೊತ್ಕೊಂಡು ಬಂದು
ತೊಲಿಗೆ ಬೆವರು ಹಚ್ಚತೈತಿ.

ಗ್ವಾಡಿಗೆ ಟೇಪು, ಕಂಬದ ಕಾಲಿಗೆ ಟೇಪು.
ನೆತ್ತಿ ಮ್ಯಾಲ ಆಕಿ ಚಪ್ಪಲಿ:
ಅಡಗಿಮನಿ, ಶಿಲುಬಿ ಗೂಡು, ಮತ್ತ ಅಡಗಿಮನಿ,
ಕಿಡಕಿ ಹತ್ರ ಬಾಳೊತ್ತು.

ಕಡೀ ತೂತಿನಾಗ ದಪ್ಪನ್ನ ಕಪ್ಪಿ.
ಉಡಿಯಾಗ ಹಾಕ್ಕೊಂಡು ತೆವಳಿ ಹೊರಬಂದೆ,
ತೂತು ಮುಚ್ಚಿದೆ.

“ಒಳಗ ಏನೂ ಉಳೀಲಿಲ್ಲ ಹೌದಲ್ಲ, ಫಕೀರವ್ವ?”
ಇಲ್ರಿ ಬಾಯಿ ಅಂದೆ.
ಪ್ಲಾಸ್ಟಿಕ್ಕಿನ ಕೆಳಗ ಹಸಿ ಮಣ್ಣಾಗ ನನ್ನ ಅಂಗೈ.
ಇನ್ನ ಒಣಗೂದಿಲ್ಲ ಅದು.